ಬಣ್ಣ ಬಿಡಿಸುವ ಯಜಮಾನರು

"ಬಣ್ಣ ಬಿಡ್ಸಕ್ಕೆ ಬತ್ತದೇನಮ್ಮ?"

ಕೆಲಸ ಕೇಳಿಕೊಂಡು ಹೋದ ನನಗೆ ಯಜಮಾನರು ಹಾಕಿದ ಮೊದಲ ಪ್ರಶ್ನೆ ಇದು. ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಕಂಪ್ಯೂಟರ್ ಗೊತ್ತಿರುವವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದ್ದನ್ನು ಕೇಳಿ ಆಲೂರಿನಿಂದ ಬಸ್ಸು ಹತ್ತಿ ಬಂದಿದ್ದೆ. ಹಾಸನದಲ್ಲಿ ಡಿಟಿಪಿ ಕಲಿತ ಜಂಬ ಬೇರೆ ಇತ್ತು. ಬಣ್ಣ ಬಿಡಿಸುವುದು ಅಂದರೆ ಬಟ್ಟೆಗೆ ಅಂಟಿದ ಕಲೆ ತೆಗೆಯುವುದು ಅಂದುಕೊಂಡು, "ಸೋಪಿನ ನೀರಲ್ಲಿ ನೆನೆಹಾಕಿದ್ರೆ ಬಿಡ್ತದೆ ಸಾರ್" ಅಂದುಬಿಟ್ಟೆ. ಯಜಮಾನರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಒಂದು ಗಳಿಗೆ ನೋಡಿದರು. "ನಾಳೆಯಿಂದ ಬಾ. ಬೇರೇರು ಬಂದು ಎಲ್ಲಾ ಗೊತ್ತು ಅಂದ್ರು. ಏನೂ ಗೊತ್ತಿಲ್ಲ ಅಂತ ಇಷ್ಟು ಧೈರ್ಯವಾಗಿ ಹೇಳ್ದೋಳು ನೀನೇ ಮೊದ್ಲು" ಅಂದರು. ನಾನು ಹಾಗೆ ಹೇಳಿರಲೇ ಇಲ್ಲ.

ಅವರ ಬಾಯಲ್ಲಿ ಬಣ್ಣ ಬಿಡಿಸುವುದು ಅಂದರೆ ಒಂದು ಚಿತ್ರದಲ್ಲಿರುವ ಬಣ್ಣಗಳನ್ನು ಬೇರೆ ಬೇರೆ ಮಾಡುವುದು. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಎಲ್ಲ ಬಣ್ಣವೂ ಒಟ್ಟಿಗೆ ಬೀಳುವುದಿಲ್ಲ. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಸ್ಕ್ರೀನ್ ಕೆಂಪಿಗೆ ಒಂದು, ಹಸಿರಿಗೆ ಒಂದು, ಹಳದಿಗೆ ಇನ್ನೊಂದು. ಸ್ಕ್ರೀನ್ ಮಾಡುವ ಮುಂಚೆ ಆಯಾ ಬಣ್ಣ ಬೀಳಬೇಕಾದ ಜಾಗವನ್ನಷ್ಟೇ ಟ್ರೇಸಿಂಗ್ ಪೇಪರಿನ ಮೇಲೆ ಕಪ್ಪಾಗಿ ತೆಗೆದುಕೊಳ್ಳಬೇಕು. ಕೆಂಪಿನ ಹಾಳೆಯೂ ಕಪ್ಪು, ಹಸಿರಿನ ಹಾಳೆಯೂ ಕಪ್ಪು. ಅಂಚಿನಲ್ಲಿ ಬಣ್ಣದ ಹೆಸರು ಬರೆದಿಡದಿದ್ದರೆ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯದು. ಈ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಮೂಲೆಯ ಪ್ಲಸ್ ಗುರುತುಗಳನ್ನು ಹೊಂದಿಸಿ, ಬೆಳಕಿಗೆ ಹಿಡಿದು ನೋಡಬೇಕು. ಎಲ್ಲ ಸರಿಯಾಗಿ ಕೂರುತ್ತದೆ ಅಂತಾದ ಮೇಲೆಯೇ ಮುಂದಿನ ಕೆಲಸ. ಇದನ್ನೆಲ್ಲ ಕಂಪ್ಯೂಟರಿನ ಪರದೆಯ ಮೇಲೇ ನೋಡಬಹುದು ಎಂದು ನಾನು ಹೇಳಿ ಹೇಳಿ ಸೋತೆ. "ಅದು ಟೀವಿ ಕಣಮ್ಮಣ್ಣಿ. ಟೀವೀಲಿ ಎಲ್ರೂ ಚೆನ್ನಾಗೇ ಕಾಣ್ತಾರೆ" ಎನ್ನುತ್ತಿದ್ದರು.

ಯಜಮಾನರು ಹೋಗಿ ಈಗ ಸ್ವಲ್ಪ ದಿನವಾಯಿತು. ಅವರ ಹೆಸರು ಇಲ್ಲಿ ಹಾಕುತ್ತಿಲ್ಲ. ತಮ್ಮ ಹೆಸರು ಎಲ್ಲಿ ಬಂದರೂ ಎರಡು ಬಣ್ಣದಲ್ಲಿ ಬರಬೇಕು ಎನ್ನುವುದು ಅವರ ಹಟವಾಗಿತ್ತು. ಇಲ್ಲಿ ಸಿಗುವುದು ಬರೀ ಕಪ್ಪು. ಒಂದೇ ಬಣ್ಣದಲ್ಲಿ ಹಾಕಿ ಅವರ ಕೈಲಿ ಬೈಸಿಕೊಳ್ಳುವುದಕ್ಕಿಂತ ಹಾಕದೆ ಇರುವುದೇ ವಾಸಿ.

ಎತ್ತರದ ಆಳು. ಹಣೆಯ ಮೇಲೆ ಮೂರು ಬೆರಳಗಲದ ವಿಭೂತಿ, ಮೊಣಕೈವರೆಗೆ ಮಡಿಸಿದ ಅಂಗಿ, ಆ ಅಂಗಿಯ ಮೇಲೆ ಜಿಲ್ಲೆಯ ಅಷ್ಟೂ ಮದುವೆಗಳ ಇಂಕು. ವಿನಯ ಎನ್ನುವುದು ಅವರ ಹತ್ತಿರ ಸುಳಿಯಲಿಲ್ಲ. "ಹಾಸನದಿಂದ ಮಂಗ್ಳೂರು ತನ್ಕ ನನ್ನಂಗೆ ಬಣ್ಣ ಕೂರ್ಸೋನು ಇದ್ರೆ ಕರ್ಕೊಂಡ್ ಬಾ, ಟೀ ಕುಡಿಸ್ತೀನಿ" ಎಂದು ಬಂದವರಿಗೆಲ್ಲ ಸವಾಲು ಹಾಕುತ್ತಿದ್ದರು. ಯಾರನ್ನೂ ಯಾರೂ ಕರೆದುಕೊಂಡು ಬರಲಿಲ್ಲ, ಹಾಗಾಗಿ ಟೀ ಉಳಿಯಿತು. ಒಂದು ಬಣ್ಣದ ಪಕ್ಕದಲ್ಲಿ ಇನ್ನೊಂದು ಬಣ್ಣ ಸಂದಿಲ್ಲದೆ ಬಿದ್ದರೆ "ಕೂತ್ಕತು ನೋಡು!" ಎಂದು ತೊಡೆ ತಟ್ಟುವರು. ಈ ಮಾತು ಪ್ರಿಂಟಿಗೆ ಮಾತ್ರ ಅಲ್ಲ, ಎಲ್ಲದಕ್ಕೂ ಆಗುತ್ತಿತ್ತು. ಯಾರದ್ದೋ ಸಂಬಂಧ ಕುದುರಿದರೂ ಕೂತ್ಕತು, ಸಂಜೆ ಮನೆಗೆ ಹೋಗುವ ಹಾನುಬಾಳಿನ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂತ್ಕತು. ನನ್ನ ಮದುವೆ ಗೊತ್ತಾದಾಗ ಅವರು ಮಾಡಿದ ಆಶೀರ್ವಾದವೂ ಇಷ್ಟೇ.

ಅವರ ಅಂಗಡಿಗೆ ಬಂದ ಗಿರಾಕಿ ಸುಮ್ಮನೆ ಕೆಲಸ ಕೊಟ್ಟು ಹೋಗುವ ಹಾಗಿರಲಿಲ್ಲ. ಟ್ರೇಸಿಂಗ್ ಹಾಳೆ ಹೊರಬರುವ ತನಕ ಕೂರಬೇಕು. ಬಂದ ಮೇಲೆ ಬೀದಿಯ ಕಡೆಯ ಕಿಟಕಿಯ ಹತ್ತಿರ ನಿಲ್ಲಬೇಕು. ಯಜಮಾನರು ಎಡಗಣ್ಣು ಮುಚ್ಚಿ, ಹಾಳೆಗಳನ್ನು ಗಾಜಿಗೆ ಒತ್ತಿ ಹಿಡಿದು, ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರನಂತೆ ಕೇಳುವರು. "ಈ ಎಲೆ ಏನು ಬಣ್ಣ ಬೇಕು?"

"ಹಸಿರು ಸ್ವಾಮಿ. ಎಲೆ ಇನ್ಯಾವ ಬಣ್ಣ ಇರ್ತದೆ?"

"ನಂಗೆ ಹೇಳಿದ್ರೆ ಪ್ರಯೋಜ್ನ ಇಲ್ಲ. ಅಂಚಲ್ಲಿ ನೀವೇ ಬರೀರಿ. ನಿಮ್ಮ ಕೈಯಾರೆ."

ಗಿರಾಕಿ ಬರೆಯುತ್ತಿದ್ದ. ಮನೆಗೆ ಹೋಗಿ, ಆ ಪ್ರೆಸ್ಸಿನೋನು ಬಲೇ ಕಟ್ಟುನಿಟ್ಟು ಮಾರಾಯ ಎಂದು ಹೇಳುತ್ತಿದ್ದ. ಒಮ್ಮೆ ಹಾನುಬಾಳಿನ ಕಡೆಯ ಗೌಡರೊಬ್ಬರು ಮಗಳ ಲಗ್ನಪತ್ರಿಕೆಗೆ ಬಂದವರು, ಗಾಜಿನ ಮೇಲೆ ಕಪ್ಪು ಕಳಸ, ಕಪ್ಪು ಬಾಳೆಕಂಬ, ಕಪ್ಪು ಮಂಗಳವಾದ್ಯ ಕಂಡು ಹೌಹಾರಿದರು. "ಶುಭಕಾರ್ಯಕ್ಕೆ ಕಪ್ಪಾ? ನಮ್ಮ ಬೀಗ್ರು ಪತ್ರಿಕೆ ನೋಡಿ ಛತ್ರದಿಂದ್ಲೇ ವಾಪಸ್ ಹೋಗ್ಬುಡ್ತಾರೆ!" ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಇನ್ನೊಮ್ಮೆ ಕಬಡ್ಡಿ ತಂಡದ ಹುಡುಗರು ಟೀಶರ್ಟ್ ಕೊಟ್ಟು ಹೋಗಿದ್ದರು. ಫೋನಿನಲ್ಲಿ ಯಜಮಾನರು, "ಬಣ್ಣ ಬಿಟ್ಟಾಯ್ತು ಕಣ್ರಪ್ಪಾ, ಬಂದು ನೋಡ್ಕಂಡ್ ಹೋಗಿ" ಅಂದರು. ಬಿಡಿಸಿ ಆಯ್ತು ಅನ್ನುವ ಬದಲು ಬಿಟ್ಟಾಯ್ತು ಅಂದದ್ದೇ ತಪ್ಪಾಯಿತು. ಇಡೀ ತಂಡ ಬಟ್ಟೆ ಹಾಳಾಯಿತೆಂದು ಜಗಳಕ್ಕೆ ಸಿದ್ಧವಾಗಿ ಜೀಪಿನಲ್ಲಿ ಬಂದಿಳಿಯಿತು.

ಈ ಮನುಷ್ಯನ ಕಟ್ಟುನಿಟ್ಟಿನ ಒಳಗುಟ್ಟು ನನಗೆ ಗೊತ್ತಾಗಿದ್ದು ಒಂದು ಆಯುಧಪೂಜೆಯ ಮಾರನೆಯ ದಿನ.

ಪೂಜೆಗೆಂದು ಯಜಮಾನರು ಅಂಗಡಿಯನ್ನೆಲ್ಲ ತಾವೇ ತೊಳೆದಿದ್ದರು. ಉತ್ಸಾಹ ಜಾಸ್ತಿಯಾಗಿ ಇಂಕಿನ ಡಬ್ಬಗಳನ್ನೂ ಇಂಕು ಕರಗಿಸುವ ಥಿನ್ನರ್ ಹಾಕಿ ಉಜ್ಜಿ ಫಳಫಳ ಮಾಡಿ, ಅರಿಶಿನ ಕುಂಕುಮ ಇಟ್ಟಿದ್ದರು. ಡಬ್ಬಗಳ ಮೈಮೇಲಿದ್ದ ಚೀಟಿಗಳೆಲ್ಲ ಹೋಗಿ ಹೆಸರು ಉಳಿದದ್ದು ಮುಚ್ಚಳಗಳ ಮೇಲೆ ಮಾತ್ರ. ಆ ಮುಚ್ಚಳಗಳನ್ನೂ ಬಿಚ್ಚಿ ಒಳಗಡೆ ಒರೆಸಿ, ತಿರುಗಿ ಹಾಕುವಾಗ ಅದಲುಬದಲು ಮಾಡಿದ್ದರು. ಮಾರನೆಯ ದಿನ ಮೊದಲ ಕೆಲಸ ಕಾಫಿಪುಡಿ ಸಾಬರದ್ದು. ಅವರು ಪೇಟೆಯಲ್ಲಿ ಕಾಫಿಪುಡಿ ಮಾಡಿ ಮಾರುವವರು, ನಮ್ಮ ಹಳೆಯ ಗಿರಾಕಿ. ಅವರ ಕಾಗದದ ಪ್ಯಾಕೆಟ್ಟಿನ ಮೇಲೆ ಹಸಿರು ಎಲೆ, ಮಧ್ಯೆ ಕೆಂಪು ಕಾಫಿಹಣ್ಣಿನ ಗೊಂಚಲು. ಯಜಮಾನರು ಮೊದಲ ಪ್ಯಾಕೆಟ್ ಪ್ರಿಂಟ್ ಹಾಕಿ, ನನ್ನ ಮುಖದ ಮುಂದೆ ಹಿಡಿದು, "ಕೂತ್ಕತು ನೋಡು! ಕೂದ್ಲೆಳೆ ಸಂದಿಲ್ಲ" ಅಂದರು.

ಸಂದಿಯೇನೋ ಇರಲಿಲ್ಲ. ಎಲೆ ರಕ್ತಗೆಂಪಾಗಿತ್ತು. ಹಣ್ಣು ಎಳೆ ಹಸಿರಾಗಿತ್ತು. ಬೇರೆ ಊರಿನಲ್ಲಾದರೆ ಇದೊಂದು ಹೊಸ ಫ್ಯಾಷನ್ ಎಂದು ದಾಟಿಸಿಬಿಡಬಹುದು. ನಮ್ಮ ಕಡೆ ಹಸಿರು ಕಾಯಿ ಕುಯ್ದವನಿಗೆ ತೋಟದಲ್ಲಿ ಮರ್ಯಾದೆ ಇಲ್ಲ. ಅಂಥದ್ದರಲ್ಲಿ ಪ್ಯಾಕೆಟ್ಟಿನ ಮೇಲೇ ಕಾಯಿ ಹಾಕಿ ಮಾರಿದರೆ ಸಾಬರು ಪೇಟೆಯಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ.

"ಯಜಮಾನ್ರೇ, ಹಣ್ಣು ಹಸ್ರಾಗಿ ಅದಲ್ಲ?"

ಅವರು ಪ್ಯಾಕೆಟ್ ನೋಡಿದರು, ನನ್ನ ನೋಡಿದರು, ಮತ್ತೆ ಪ್ಯಾಕೆಟ್ ನೋಡಿದರು. "ಗೊತ್ತು. ನಿನ್ನ ಪರೀಕ್ಷೆ ಮಾಡ್ದೆ" ಅಂದರು.

"ಎಲೇನೂ ಕೆಂಪಾಗಿ ಅದೆ."

"ಅದೂ ಪರೀಕ್ಷೇನೇ" ಅನ್ನುವಷ್ಟರಲ್ಲಿ ದನಿ ಸೋತುಹೋಯಿತು. ಎದ್ದು ಹೋಗಿ ಅಂಗಡಿಯ ಷಟರ್ ಅರ್ಧಕ್ಕೆ ಎಳೆದು, ಸ್ಟೂಲಿನ ಮೇಲೆ ಕುಕ್ಕರಿಸಿದರು. ಅಷ್ಟು ಎತ್ತರದ ಆಳು ಅಷ್ಟು ಚಿಕ್ಕದಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ಪಾಪ ಅನ್ನಿಸಿತು.

ಯಜಮಾನರಿಗೆ ಕೆಂಪು ಹಸಿರಿನ ವ್ಯತ್ಯಾಸ ಕಾಣುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅಷ್ಟೇ. ಅವರಪ್ಪ ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಕೂಲಿಯವರು ಹಣ್ಣಿನ ಜೊತೆ ಕಾಯಿ ಕುಯ್ದರೆ ಕೂಗಾಡುವುದೇ ಅವರ ಕೆಲಸ. ಕುಯ್ಲಿನ ಕಾಲದಲ್ಲಿ ಮಗನನ್ನೂ ಒಂದು ಸಾಲಿಗೆ ನಿಲ್ಲಿಸಿದರಂತೆ. ಸಂಜೆ ಸ್ಟೋರಿನ ಮುಂದೆ ಎಲ್ಲರ ಎದುರು ಬುಟ್ಟಿ ಸುರಿದರೆ ರೈಟರ ಮಗನ ಬುಟ್ಟಿಯ ತುಂಬ ಕಾಯಿ. ಕೂಲಿ ಲೈನಿನ ಹೆಂಗಸರೆಲ್ಲ ಸೆರಗಿನ ಮರೆಯಲ್ಲಿ ನಕ್ಕರು. ಮಾರನೆಯ ದಿನದಿಂದ ಅವರು ಒಂದೊಂದು ಹಣ್ಣನ್ನೂ ಹಿಚುಕಿ, ಮೆತ್ತಗಿದ್ದರೆ ಮಾತ್ರ ಬಿಡಿಸತೊಡಗಿದರು. ಬುಟ್ಟಿಯ ತಳ ತುಂಬುವಷ್ಟರಲ್ಲಿ ಉಳಿದವರು ಸಾಲು ಮುಗಿಸಿರುತ್ತಿದ್ದರು. ಅಪ್ಪ ಮಗನನ್ನು ಸೋಮಾರಿ ಎಂದು ತೀರ್ಮಾನಿಸಿ ತೋಟದಿಂದ ಓಡಿಸಿದರು.

"ಹಣ್ಣು ಬಿಡ್ಸಕ್ಕೆ ಆಗ್ದೋನು ಬಣ್ಣ ಬಿಡ್ಸಕ್ಕೆ ಬಂದೆ" ಅಂದರು ಯಜಮಾನರು.

"ಅಲ್ಲ, ಹೋಗಿ ಹೋಗಿ ಬಣ್ಣದ ಕೆಲ್ಸಕ್ಕೇ ಬರೋದಾ? ಬೇರೆ ಏನೂ ಸಿಗ್ಲಿಲ್ವಾ?"

"ಯಾಕೆ, ಇದ್ರಾಗೇನು ಕಷ್ಟ? ಇಲ್ಲಿ ಡಬ್ಬದ ಮೇಲೆ ಬಣ್ಣದ ಹೆಸ್ರು ಬರ್ದಿರ್ತಾರೆ. ಗಿಡದ ಮೇಲೆ ಯಾರು ಬರ್ದಿರ್ತಾರೆ ಹೇಳು?"

ಟ್ರೇಸಿಂಗ್ ಹಾಳೆಗಳ ಮೇಲೆ ಅವರಿಗೆ ಯಾಕಷ್ಟು ಪ್ರೀತಿ ಎಂಬುದು ಆಗ ಅರ್ಥವಾಯಿತು. ಬಣ್ಣ ಬಿಡಿಸಿಟ್ಟ ಮೇಲೆ ಎಲ್ಲವೂ ಕಪ್ಪು. ಕಿಟಕಿಯ ಮುಂದೆ ಗಿರಾಕಿಗೆ ಕಾಣುವುದೂ ಅದೇ, ಅವರಿಗೆ ಕಾಣುವುದೂ ಅದೇ. ಜಗತ್ತಿನಲ್ಲಿ ಅವರು ಇತರರ ಜೊತೆ ಸರಿಸಮನಾಗಿ ನಿಂತು ನೋಡುತ್ತಿದ್ದ ಚಿತ್ರ ಅದೊಂದೇ.

"ಅಮ್ಮಣ್ಣಿ, ಇದು ಹೊರಗೆ ಹೋಗ್ಬಾರ್ದು. ಬಣ್ಣ ಕಾಣ್ದೋನ ಹತ್ರ ಯಾರಾದ್ರೂ ಬಣ್ಣ ಹಾಕ್ಸ್ತಾರಾ? ಆಡ್ಕೊಂಡು ನಗ್ತಾರೆ. ಆ ನಗು ಒಂದ್ಸಲ ಕೇಳೀನಿ, ಸಾಕು" ಅಂದರು. ಹೆಂಡತಿಗೂ ಹೇಳಿಲ್ಲವಂತೆ. ಸೀರೆ ಅಂಗಡಿಗೆ ಹೋಗಿ 'ಒಂದು ಒಳ್ಳೇದು ಕೊಡಿ' ಎಂದು ಕಣ್ಣು ಮುಚ್ಚಿ ತರುತ್ತಿದ್ದರು. ಅಂಗಡಿಯವನು ಯಾರಿಗೂ ಹೋಗದೆ ಉಳಿದದ್ದನ್ನೆಲ್ಲ ಇವರಿಗೆ ದಾಟಿಸುತ್ತಿದ್ದ. ಆಕೆ ಮಾತ್ರ ನಮ್ಮೆಜಮಾನ್ರ ಆಯ್ಕೆ ಎಲ್ಲರಂಗಲ್ಲ ಎಂದು ಹೆಮ್ಮೆಯಿಂದ ಉಡುತ್ತಿದ್ದರು.

ಆವತ್ತಿನಿಂದ ನಾನು ಈ ಗುಟ್ಟಿನ ಪಾಲುದಾರಳು. ಗಿರಾಕಿಗಳ ಎದುರು ಬಣ್ಣದ ವಿಷಯ ಬಂದರೆ ಸುಳಿವು ಕೊಡಲು ಇಬ್ಬರೂ ಒಂದು ಉಪಾಯ ಮಾಡಿಕೊಂಡೆವು. ಕೆಂಪಾದರೆ ನಾನು 'ಬಿಸ್ಲು ಜಾಸ್ತಿ' ಅನ್ನಬೇಕು. ಹಸಿರಾದರೆ 'ಮಳೆ ಬರಂಗದೆ' ಅನ್ನಬೇಕು. ಬೇಸಿಗೆಯಲ್ಲಿ ಹೇಗೋ ನಡೆಯಿತು. ಜೂನ್ ಬಂತು ನೋಡಿ, ಫಜೀತಿಗಿಟ್ಟುಕೊಂಡಿತು. ಸಕಲೇಶಪುರದ ಮಳೆ, ಗಲ್ಲಿಯಲ್ಲಿ ಮೊಣಕಾಲುದ್ದ ನೀರು, ಕೊಡೆ ಮಡಿಸಿ ನಡುಗುತ್ತ ನಿಂತ ಗಿರಾಕಿಯ ಮುಂದೆ ನಾನು "ಉಸ್ಸಪ್ಪಾ, ಏನು ಬಿಸ್ಲು ಜಾಸ್ತಿ!" ಅನ್ನುವುದು. ಕೆ. ಹೊಸಕೋಟೆಯ ಮೇಷ್ಟರೊಬ್ಬರು ಹೋಗುವಾಗ ಯಜಮಾನರ ಕಿವಿಯಲ್ಲಿ, "ಆ ಹೆಣ್ಮಗೀಗೆ ಒಂದಿನ ರಜ ಕೊಡಿ ಸ್ವಾಮಿ" ಅಂದು ಹೋದರು. ಯಜಮಾನರು ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ರಜ ಮಾತ್ರ ಕೊಡಲಿಲ್ಲ.

ಹೀಗೆ ಎಷ್ಟೋ ವರ್ಷ ಹೋಯಿತು. ಪೇಟೆಗೆ ಫ್ಲೆಕ್ಸ್ ಬಂತು, ನಮ್ಮ ಕೆಲಸ ಅರ್ಧವಾಯಿತು. ಅವರ ಬಾಯಿ ಮಾತ್ರ ಕಮ್ಮಿಯಾಗಲಿಲ್ಲ. ನನ್ನ ಮಗಳು ಅದೇ ಅಂಗಡಿಯ ಮೂಲೆಯಲ್ಲಿ ಹಳೇ ಟ್ರೇಸಿಂಗ್ ಹಾಳೆಗಳ ಮೇಲೆ ಗೀಚುತ್ತ ದೊಡ್ಡವಳಾದಳು. ಊರಿಗೆ ಗುಟ್ಟು ಗೊತ್ತಾಗಲಿಲ್ಲ. ಗೊತ್ತಾಗುವ ಹಾಗೆ ಮಾಡಿದ್ದು ಯಜಮಾನರ ಮೊಮ್ಮಗ.

ಮಗಳನ್ನು ಅವರು ಕೆ. ಹೊಸಕೋಟೆಗೆ ಕೊಟ್ಟಿದ್ದರು. ಈ ಹುಡುಗ ಅವಳ ಮಗ, ಡಿಪ್ಲೊಮಾ ಓದಿದವನು. ರೈಲು ಓಡಿಸುವ ಕೆಲಸಕ್ಕೆ ಪರೀಕ್ಷೆ ಬರೆದು ಪಾಸಾಗಿದ್ದ. ಊರಿಗೆಲ್ಲ ಮೈಸೂರುಪಾಕು ಹಂಚಿದ್ದೂ ಆಗಿತ್ತು. ಎಡಕುಮೇರಿ ಘಾಟಿಯಲ್ಲಿ ಇನ್ನು ಮೇಲೆ ನನ್ನ ಮೊಮ್ಮಗನೇ ರೈಲು ಇಳಿಸೋದು ಎಂದು ಯಜಮಾನರು ಬಸ್ ಸ್ಟ್ಯಾಂಡಿನಲ್ಲೆಲ್ಲ ಸಾರಿದ್ದರು. ಆಮೇಲೆ ಡಾಕ್ಟರ ಪರೀಕ್ಷೆಗೆ ಕರೆದರು. ಅಲ್ಲಿಂದ ಹುಡುಗ ನೇರವಾಗಿ ನಮ್ಮ ಅಂಗಡಿಗೆ ಬಂದ. ಮುಖ ಊದಿಕೊಂಡಿತ್ತು. ಪ್ಯಾಕೆಟ್ ತೆಗೆದುಕೊಂಡು ಹೋಗಲು ಬಂದಿದ್ದ ಕಾಫಿಪುಡಿ ಸಾಬರು ಬೆಂಚಿನ ಮೇಲೆ ಕೂತಿದ್ದರು.

"ಫೇಲ್ ಮಾಡ್ಬುಟ್ರು ತಾತ. ಕಣ್ಣು ಸರಿ ಇಲ್ವಂತೆ! ಅಲ್ಲಿಂದ ಇಲ್ಲೀ ತನ್ಕ ಎಲ್ಲಾ ಬೋರ್ಡು ಓದ್ಕೊಂಡೇ ಬಂದೀನಿ. ಯಾರೋ ಬೇಕಂತ್ಲೇ ಮಾಡವ್ರೆ."

"ಏನ್ ತೋರ್ಸಿದ್ರೋ?" ಸಾಬರು ಕೇಳಿದರು.

"ಒಂದು ಪುಸ್ತಕ ಸಾಬ್ರೇ. ಅದ್ರಾಗೆ ಬರೀ ಚುಕ್ಕಿ. ಇದ್ರಲ್ಲಿ ನಂಬರ್ ಯಾವ್ದು ಹೇಳು ಅಂತಾರೆ. ಇಲ್ದಿರೋ ನಂಬರ್ ಎಲ್ಲಿಂದ ತರ್ಲಿ?" ಅವನು ಅಂಥದ್ದೇ ಒಂದು ಚಿತ್ರವನ್ನು ಫೋನಿನಲ್ಲಿ ಹುಡುಕಿಟ್ಟಿದ್ದ. ನನ್ನ ಮುಂದೆ ಹಿಡಿದ. "ನೀನೇ ನೋಡಕ್ಕ. ಇದ್ರಾಗೆ ಎಂಟು ಐತಂತೆ. ಎಲ್ಲೈತೆ?"

ಹಸಿರು ಚುಕ್ಕಿಗಳ ಮಧ್ಯೆ ಕೆಂಪು ಚುಕ್ಕಿಗಳಲ್ಲಿ ಬರೆದ ಎಂಟು, ಬಾಗಿಲಲ್ಲಿ ನಿಂತ ನೆಂಟನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಬಾಯಿ ತೆರೆದವಳು ಹಾಗೇ ಇದ್ದೆ. ಬಿಸಿಲು ಮಳೆಯಲ್ಲಿ ಹೇಳಿ ಮುಗಿಸುವ ವಿಷಯ ಆಗಿರಲಿಲ್ಲ ಅದು.

ಹುಡುಗ ನನ್ನ ಮೌನವನ್ನು ತನ್ನ ಕಡೆಗೇ ಎಳೆದುಕೊಂಡ. "ನೋಡು, ಅಕ್ಕಂಗೂ ಕಾಣ್ತಿಲ್ಲ. ತಾತ, ಅರ್ಜಿ ಹಾಕಿದ್ರೆ ಇನ್ನೊಂದ್ಸಲ ನೋಡ್ತಾರಂತೆ. ನೀನು ನನ್ ಜೊತೆ ಬಾ. ಬಣ್ಣದಾಗೇ ಜೀವ್ನ ಮಾಡ್ದೋನು ನೀನು. ನಿನ್ನಷ್ಟು ಬಣ್ಣ ಗೊತ್ತಿರೋರು ಈ ಜಿಲ್ಲೇಲಿ ಯಾರವ್ರೆ? ಆ ಡಾಕ್ಟ್ರ ಮುಂದೆ ನಿಂತ್ಕೊಂಡು ಹೇಳು, ಇದ್ರಾಗೆ ಯಾವ ನಂಬ್ರೂ ಇಲ್ಲ ಅಂತ."

ಸಾಬರು ತಲೆಯಾಡಿಸಿದರು. "ಹೋಗ್ಬನ್ನಿ ಯಜಮಾನ್ರೇ. ನಿಮ್ಮ ಮಾತು ತೆಗ್ದುಹಾಕೋರು ಯಾರು?"

ಯಜಮಾನರು ಫೋನನ್ನು ಕೈಗೆ ತೆಗೆದುಕೊಂಡು ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಅವರಿಗೂ ಅಲ್ಲಿ ಬರೀ ಚುಕ್ಕಿಗಳೇ ಎಂದು ನನಗೆ ಗೊತ್ತಿತ್ತು. ಯಾವ ನಂಬರೂ ಇಲ್ಲ ಎಂದು ಅವರು ಹೇಳಿದ್ದರೆ ಅದು ಸುಳ್ಳೇ ಆಗುತ್ತಿರಲಿಲ್ಲ. ಹುಡುಗ ತನಗೆ ಮೋಸವಾಯಿತೆಂದೇ ನಂಬಿ ಜೀವನಪೂರ್ತಿ ಯಾರನ್ನೋ ಬೈಯುತ್ತಿದ್ದ. ಇವರ ಹೆಸರು ಮಾತ್ರ ಉಳಿಯುತ್ತಿತ್ತು. ಹೇಳಬೇಡಿ ಅನ್ನಬೇಕೋ ಹೇಳಿ ಅನ್ನಬೇಕೋ ತಿಳಿಯದೆ ಕೀಬೋರ್ಡಿನ ಧೂಳು ಒರೆಸಿದೆ.

"ಅಮ್ಮಣ್ಣಿ" ಅಂದರು. "ಇದನ್ನ ಬಣ್ಣ ಬಿಡ್ಸು."

ಅಂಥ ಕೆಲಸವನ್ನು ನಾನು ಯಾವತ್ತೂ ಮಾಡಿರಲಿಲ್ಲ. ಚಿತ್ರವನ್ನು ಕಂಪ್ಯೂಟರಿಗೆ ಹಾಕಿಕೊಂಡು, ಹಸಿರು ಜಾತಿಯ ಚುಕ್ಕಿಗಳನ್ನು ಒಂದು ಕಡೆ, ಕೆಂಪು ಜಾತಿಯವನ್ನು ಇನ್ನೊಂದು ಕಡೆ ಮಾಡಿದೆ. ಮೂಲೆಗೆ ಪ್ಲಸ್ ಗುರುತು ಹಾಕಿ ಎರಡು ಟ್ರೇಸಿಂಗ್ ಹಾಳೆ ತೆಗೆದೆ. ಯಜಮಾನರು ಎರಡನ್ನೂ ಹೊಂದಿಸಿ ಕಿಟಕಿಗೆ ಒತ್ತಿ ಹಿಡಿದು, ಮೊಮ್ಮಗನನ್ನು ಪಕ್ಕಕ್ಕೆ ಕರೆದರು.

"ಏನ್ ಕಾಣ್ತದೆ?"

"ಚುಕ್ಕಿ. ನಾನು ಹೇಳಿದ್ದೂ ಅದೇ."

ಯಜಮಾನರು ಹಸಿರಿನ ಹಾಳೆಯನ್ನು ಮೆಲ್ಲಗೆ ಜಾರಿಸಿ ತೆಗೆದರು. ಗಾಜಿನ ಮೇಲೆ ಕೆಂಪಿನ ಹಾಳೆಯೊಂದೇ ಉಳಿಯಿತು. ಬೆಳಕಿನಲ್ಲಿ ಕಪ್ಪು ಚುಕ್ಕಿಗಳ ಎಂಟು, ದುಂಡಗೆ, ಹೊಟ್ಟೆ ತುಂಬಿಕೊಂಡು ನಿಂತಿತ್ತು.

ಹುಡುಗ ಹಾಳೆಯನ್ನು ಮುಟ್ಟಿ ನೋಡಿದ. ಯಜಮಾನರೂ ನೋಡುತ್ತಿದ್ದರು. ಅವರಿಗೂ ಅದು ಕಂಡದ್ದು ಆಗಲೇ. ಇಬ್ಬರ ಬಾಯಿಯೂ ಒಂದೇ ಥರ ತೆರೆದುಕೊಂಡಿದ್ದನ್ನು ನೋಡಿ ನನಗೆ ನಗುವೂ ಬಂತು, ಅಳುವೂ ಬಂತು. ಅವರು ಹಸಿರಿನ ಹಾಳೆಯನ್ನು ತಿರುಗಿ ಮೇಲಿಟ್ಟರು. ಎಂಟು ಮಾಯ. ತೆಗೆದರು. ಎಂಟು ಬಂತು.

"ಬೇರೇರಿಗೆ ಕಾಣೋದು ಹಿಂಗೆ" ಅಂದರು. ಮತ್ತೆ ಎರಡನ್ನೂ ಸೇರಿಸಿ ಹಿಡಿದರು. "ನಮ್ಗೆ ಕಾಣೋದು ಹಿಂಗೆ."

ಹುಡುಗ ಗಾಜಿನಿಂದ ಕಣ್ಣು ಕಿತ್ತು ತಾತನ ಕಡೆ ತಿರುಗಿದ.

"ನಮ್ಗೆ ಅಂದ್ರೆ?" ಅಂದ ಹುಡುಗ.

"ನಮ್ಗೆ ಅಂದ್ರೆ ನಮ್ಗೆ. ನಿಂಗೆ. ನಂಗೆ. ನಂಗೂ ಕೆಂಪು ಹಸ್ರು ಒಂದೇ ಕಣೋ ಮಗಾ. ನಿಂಗೆ ಬಂದಿರೋದು ನನ್ನಿಂದ್ಲೇ. ಯಾರೂ ಮೋಸ ಮಾಡಿಲ್ಲ. ನಿನ್ ಕೈಗೆ ರೈಲು ಕೊಡ್ದೆ ಇದ್ದಿದ್ದೇ ಒಳ್ಳೇದಾಯ್ತು, ಸುರಂಗದಾಗೆ ಎದುರಾಬದುರಾ ಬಿಟ್ಟಿರ್ತಿದ್ದೆ."

ಹುಡುಗ ನಗಲಿಲ್ಲ. ಕೂತು ಸ್ವಲ್ಪ ಹೊತ್ತು ಅತ್ತ. ಆಸೆಪಟ್ಟ ಕೆಲಸ ಹೋದದ್ದು ಹೋಗಿಯೇ ಹೋಯಿತಲ್ಲ. ಯಜಮಾನರು ಇಂಕಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಅವನ ತಲೆಯ ಮೇಲಿಟ್ಟರು. ಆಮೇಲೆ ಎಲ್ಲರಿಗೂ ಸಾಬರು ಅಲ್ಲೇ ಕೂತಿರುವುದು ನೆನಪಾಯಿತು.

ಸಾಬರು ತಮ್ಮ ಪ್ಯಾಕೆಟ್ಟೊಂದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. "ಅಂದ್ರೆ, ಇಷ್ಟು ವರ್ಷದಿಂದ ನಮ್ಮ ಹಣ್ಣು..."

"ಅಂದಾಜಿನ ಮೇಲೆ" ಅಂದರು ಯಜಮಾನರು, ಗದ್ದ ಮೇಲೆತ್ತಿ. ಏನು ಬೇಕಾದರೂ ಅನ್ನಿ ಎನ್ನುವ ಹಾಗೆ ನಿಂತರು.

ಸಾಬರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಂಗೆ ಕಾಫಿ ಆಗಲ್ಲ ಯಜಮಾನ್ರೇ. ಬಾಯಿಗಿಟ್ರೆ ಎದೆ ಉರಿ. ಮೊದ್ಲಿಂದ್ಲೂ ಅಷ್ಟೇ. ಟೀ ಕುಡ್ಕೊಂಡೇ ಕಾಫಿಪುಡಿ ಮಾರ್ತಾ ಇದೀನಿ. ದಯವಿಟ್ಟು ಹೊರಗೆ ಹೇಳ್ಬೇಡಿ."

ಮೊದಲು ನಕ್ಕವನು ಅಳುತ್ತ ಕೂತಿದ್ದ ಹುಡುಗನೇ.

ಸಾಬರ ಗುಟ್ಟನ್ನು ನಾವು ಕಾಪಾಡಿದೆವು. ಯಜಮಾನರ ಗುಟ್ಟನ್ನು ಕಾಪಾಡುವುದು ಯಾರಿಂದಲೂ ಆಗಲಿಲ್ಲ, ಯಾಕೆಂದರೆ ಮಾರನೆಯ ದಿನದಿಂದ ಅವರೇ ಹೇಳಿಕೊಂಡು ತಿರುಗಿದರು. ಮೊಮ್ಮಗನನ್ನು ಯಾರಾದರೂ ಆಡಿಕೊಳ್ಳುವ ಮುಂಚೆ ತಮ್ಮನ್ನೇ ಮೊದಲು ಆಡಿಕೊಳ್ಳಲಿ ಎನ್ನುವುದು ಅವರ ಲೆಕ್ಕಾಚಾರ. ಆಡಿಕೊಂಡರು ಕೂಡ. ಕೆಲವರು ಕೊಡೆ, ಕರವಸ್ತ್ರ ಹಿಡಿದು ತಂದು ಇದ್ಯಾವ ಬಣ್ಣ ಹೇಳಿ ಎಂದು ತಮಾಷೆ ನೋಡಿದರು. ಇಬ್ಬರು ಮೂವರು ಗಿರಾಕಿಗಳು ತಿರುಗಿ ಬರಲಿಲ್ಲ. ಹಾನುಬಾಳಿನ ಆ ಗೌಡರು ಮಾತ್ರ ಎರಡನೇ ಮಗಳ ಪತ್ರಿಕೆಗೂ ಇಲ್ಲಿಗೇ ಬಂದು, ಯಾರೂ ಕೇಳುವ ಮುಂಚೆ ಕಿಟಕಿಯ ಹತ್ತಿರ ನಿಂತು, ಅಂಚಿನಲ್ಲಿ ಬಣ್ಣದ ಹೆಸರು ಬರೆದರು. ಇದಕ್ಕೆ ನಿಮ್ಮ ಹೆಂಡತಿ ಏನಂದರೆಂದು ನಾನು ಕೇಳಿದ್ದಕ್ಕೆ ಯಜಮಾನರು ಸ್ಕ್ರೀನ್ ತೊಳೆಯಲು ಎದ್ದು ಹೋದರು. ಆ ವಾರ ಗಂಡ ಹೆಂಡಿರಿಬ್ಬರೂ ಜೊತೆಯಾಗಿ ಸೀರೆ ಅಂಗಡಿಗೆ ಹೋದದ್ದನ್ನು ನಾನೇ ಕಣ್ಣಾರೆ ಕಂಡೆ.

ನನಗೆ ಹೊಸದೊಂದು ಕಷ್ಟ ಶುರುವಾಯಿತು. ಕೆಲಸದ ಹೊರತು ಜನ್ಮದಲ್ಲಿ ಯಾರನ್ನೂ ಬಣ್ಣ ಕೇಳದ ಮನುಷ್ಯ ಈಗ ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಳತೊಡಗಿದರು. ಆ ಬಸ್ಸು ಯಾವ ಬಣ್ಣ? ನಿನ್ನ ಡಬ್ಬಿಯ ಪಲ್ಯ ಯಾವ ಬಣ್ಣ? ಒಂದು ದಿನ ಎದುರಿನ ತಂತಿಯ ಮೇಲೆ ಗಿಣಿ ಕೂತಿತ್ತು.

"ಅದು ಹಸ್ರು ಅಲ್ವಾ? ಅಷ್ಟು ಗೊತ್ತು ನಂಗೆ."

"ಹಸ್ರು. ಕೊಕ್ಕು ಕೆಂಪು."

"ಕೊಕ್ಕು ಕೆಂಪಾ?" ಕೆಲಸ ಬಿಟ್ಟು ಬಾಗಿಲಿಗೆ ಬಂದರು. "ಎರಡು ಬಣ್ಣದ್ದಾ ಗಿಣಿ? ಒಂದೇ ಸ್ಕ್ರೀನಲ್ಲಿ ಮುಗ್ಸವ್ನೆ ಅನ್ಕೊಂಡಿದ್ದೆ ದೇವ್ರು!" ಆ ಗಿಣಿ ಹಾರಿ ಹೋಗುವವರೆಗೂ ನೋಡುತ್ತ ನಿಂತರು. ನಾನು ಎಷ್ಟೇ ಗೊಣಗಿದರೂ ಅವರಿಗೆ ಉತ್ತರ ಹೇಳುವುದು ನನಗೆ ಇಷ್ಟವಾಗುತ್ತಿತ್ತು. ಈಗ ಹಸಿರೋ ಕೆಂಪೋ ಕೇಳುವವರಿಲ್ಲದೆ ದಿನಗಳು ಬಿಕೋ ಅನ್ನುತ್ತವೆ.

ಮೊಮ್ಮಗನಿಗೆ ರೈಲಿನ ಕೆಲಸ ತಪ್ಪಿತು. ಈಗ ಹಾಸನದಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದಾನೆ. ಯಜಮಾನರು ತೀರಿಕೊಂಡ ದಿನ ಅವರ ಹಾನುಬಾಳಿನ ಮನೆಗೆ ನಾನು ಹೋಗುವಷ್ಟರಲ್ಲಿ ಅವನು ಬಂದಾಗಿತ್ತು. ಲಿಂಗಾಯತರ ಸಂಪ್ರದಾಯದಂತೆ ಅವರನ್ನು ಕೂರಿಸಿದ್ದರು, ಹಣೆಯ ತುಂಬ ವಿಭೂತಿ. ಅಂಗಳದ ತುಂಬ ನೆಂಟರು, ತೋಟದವರು, ಪೇಟೆಯವರು. ಕಾಫಿಪುಡಿ ಸಾಬರೂ ಒಂದು ಪಕ್ಕಕ್ಕೆ ನಿಂತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಒಳಗಿನಿಂದ ಮೊಮ್ಮಗ ಎರಡು ಕೈಯಲ್ಲಿ ಎರಡು ಹೊಸ ಶಾಲು ಹಿಡಿದು ಬಂದ. ಅತ್ತು ಅತ್ತು ಕಣ್ಣು ಬಾತಿದ್ದವು. ತಾತನ ಮುಂದೆ ನಿಂತು ಎರಡನ್ನೂ ನೋಡಿದ. ತಿರುಗಿ ನನ್ನನ್ನು ಹುಡುಕಿ, ಅಂಗಳದ ಆ ತುದಿಗೂ ಕೇಳುವಂತೆ ಕೇಳಿದ.

"ಅಕ್ಕಾ, ತಾತಂಗೆ ಕೆಂಪುದು ಹೊದ್ಸು ಅಂತ ಅಮ್ಮ ಹೇಳ್ತು. ಇದ್ರಾಗೆ ಕೆಂಪು ಯಾವ್ದು? ನಂಗೆ ಕಾಣಲ್ಲ."

ಜನವೆಲ್ಲ ತಿರುಗಿ ನೋಡಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವನ ತೋಳು ಹಿಡಿದು, "ಮೆತ್ತಗೆ ಕೇಳೋ, ನಾಲ್ಕು ಜನ ಅವ್ರೆ" ಅಂದರು.

"ಯಾಕೆ ಮೆತ್ತಗೆ?" ಅಂದ ಹುಡುಗ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಬಲಗೈದು ಕಣೋ" ಅಂದೆ ನಾನು, ಅವನಷ್ಟೇ ಗಟ್ಟಿಯಾಗಿ.